ದುರ್ಯೋಧನನ ದರ್ಬಾರು ಯಾರ ಕಣ್ಣಿಗೆ?

ಚಂದಾಪುರ ದಾಟಿ ಆನೇಕಲ್ ಕಡೆಗೆ ಹೋದಷ್ಟೂ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ಬೊಮ್ಮಸಂದ್ರ, ಜಿಗಣಿಯ ಕಾರ್ಖಾನೆಗಳಲ್ಲಿ ಹಗಲು ಶಿಫ್ಟ್ ಮುಗಿಸಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಪದ್ಯ ಒಪ್ಪಿಸುತ್ತಾರೆ. ನಾಟಕದ ದಿನ ಡ್ರೆಸ್ಸು, ಕಿರೀಟ, ಗದೆ, ಲೈಟು, ಸೀನರಿ ಎಲ್ಲವೂ ಬಾಡಿಗೆಗೆ ಬಂದಿಳಿಯುತ್ತವೆ. ಜನರೆಲ್ಲ ಭೀಮನ ಆರ್ಭಟಕ್ಕೆ ಶಿಳ್ಳೆ ಹೊಡೆಯುವಾಗ ಹಿಂದಿನ ಪರದೆಯನ್ನು ಯಾರೂ ನೋಡುವುದಿಲ್ಲ. ನೋಡಬೇಕಾದದ್ದು ಅದನ್ನೇ.

ದರ್ಬಾರಿನ ಪರದೆ ಎಲ್ಲಿ ಹೋದರೂ ಹೆಚ್ಚುಕಡಿಮೆ ಒಂದೇ ಥರ. ಎರಡೂ ಬದಿ ದಪ್ಪ ಕಂಬಗಳ ಸಾಲು, ಹಿಂದೆ ಹೋದಂತೆ ಸಣ್ಣಗಾಗುತ್ತವೆ. ನೆಲಕ್ಕೆ ಕಪ್ಪು-ಬಿಳಿ ಚೌಕದ ಹಾಸು, ಅದೂ ಒಳಗೆ ಹೋಗುತ್ತಾ ಕಿರಿದಾಗುತ್ತದೆ. ನಟ್ಟನಡುವೆ, ಎಲ್ಲ ಗೆರೆಗಳೂ ಓಡಿಹೋಗಿ ಸೇರುವ ಕಡೆ, ಕಮಾನಿನ ಪುಟ್ಟ ಬಾಗಿಲು. ಹಸ್ತಿನಾವತಿಯಲ್ಲಿ ಇಟಲಿಯ ಕಮಾನು ಏಕೆ ಎಂದು ಕೇಳಿದವರಿಲ್ಲ. ಬೇರೆಯದೇ ಒಂದು ತಮಾಷೆಯೂ ಇದೆ. ಸಿಟ್ಟುಗೊಂಡ ದುರ್ಯೋಧನ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದು ಪರದೆಗೆ ಬೆನ್ನು ತಾಗಿಸಿ ನಿಂತನೆಂದರೆ ಅವನ ಕಿರೀಟ ‘ದೂರದ’ ಕಮಾನಿನ ನೆತ್ತಿಗಿಂತ ಎತ್ತರ! ಒಂದೇ ಕ್ಷಣದಲ್ಲಿ ಅರಮನೆ ಬೊಂಬೆ ಮನೆಯಾಗುತ್ತದೆ. ಅನುಭವಸ್ಥ ಪಾತ್ರಧಾರಿಗಳು ಹಾಗೆ ಹಿಂದೆ ಹೋಗುವುದೇ ಇಲ್ಲ, ಮೈಕಿನ ಮುಂದೆಯೇ ನಿಲ್ಲುತ್ತಾರೆ.

ಇನ್ನೊಂದು ಸಂಗತಿ. ಎಡತುದಿಯಲ್ಲಿ ಚಾಪೆ ಹಾಸಿಕೊಂಡು ಕೂತವರಿಗೆ ಆ ಕಂಬಗಳು ಒಂದು ಕಡೆ ಸೊಟ್ಟಗೆ ವಾಲಿದಂತೆ ಕಾಣುತ್ತವೆ. ದರ್ಬಾರು ದರ್ಬಾರಿನಂತೆ ಕಾಣುವುದು ರಂಗದ ಸರಿ ಎದುರಿಗೆ, ನಡುಮಧ್ಯದಲ್ಲಿ ಕೂತವರಿಗೆ. ಪಂಚಾಯ್ತಿ ಅಧ್ಯಕ್ಷರಿಗೂ ದಾನಿಗಳಿಗೂ ಸೋಫಾ ಹಾಕಿರುವುದು ಅಲ್ಲೇ.

ಈ ಸೋಫಾದ ಇತಿಹಾಸ ಐನೂರು ವರ್ಷದ್ದು. ಯುರೋಪಿನ ಪುನರುಜ್ಜೀವನ ಕಾಲದಲ್ಲಿ ಇಟಲಿಯ ಡ್ಯೂಕುಗಳ ಅರಮನೆ ರಂಗಮಂದಿರಗಳಲ್ಲಿ ಹಿಂದಿನ ದೃಶ್ಯವನ್ನು ಬರೆಯುವಾಗ ಒಡೆಯ ಕೂರುವ ಆಸನದಿಂದ ಲೆಕ್ಕ ಹಾಕಿ ಗೆರೆ ಎಳೆಯುತ್ತಿದ್ದರು. ಸೆಬಾಸ್ಟಿಯಾನೊ ಸೆರ್ಲಿಯೊ ಎಂಬ ವಾಸ್ತುಶಿಲ್ಪಿ 1545ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲಿ ಮೂರು ಮಾದರಿ ದೃಶ್ಯಗಳಿವೆ: ಗಂಭೀರ ನಾಟಕಕ್ಕೆ ಅರಮನೆಗಳ ಸಾಲು, ಹಾಸ್ಯಕ್ಕೆ ಊರಿನ ಬೀದಿ, ಮೂರನೆಯದು ಕಾಡು. ನಮ್ಮ ಸೀನರಿಯವರ ಗಂಟು ಬಿಚ್ಚಿ ನೋಡಿ: ದರ್ಬಾರು, ಬೀದಿ, ಕಾಡು. ಇಟಲಿಯಿಂದ ಯುರೋಪಿಗೆ, ಅಲ್ಲಿಂದ ಮುಂಬಯಿಯ ಪಾರ್ಸಿ ಕಂಪನಿಗಳಿಗೆ, ಅವುಗಳನ್ನು ನೋಡಿದ ಕನ್ನಡದ ವೃತ್ತಿ ಕಂಪನಿಗಳಿಗೆ ಈ ಪರದೆಗಳು ಬಂದವು. ಗುಬ್ಬಿ ಕಂಪನಿ ಹುಟ್ಟಿದ್ದು 1884ರಲ್ಲಿ. ಕಂಪನಿಗಳ ವೈಭವ ಮುಗಿದ ಮೇಲೂ ಪರದೆ ಉಳಿಯಿತು, ಹಳ್ಳಿ ಸೇರಿತು. ಇದಕ್ಕೂ ಮುಂಚಿನ ನಮ್ಮ ಬಯಲಾಟಕ್ಕೆ ಇಂಥ ದರ್ಬಾರಿನ ಪರದೆ ಬೇಕಿರಲಿಲ್ಲ. ಜನ ಮೂರು ಕಡೆಯೂ ಕೂರುತ್ತಿದ್ದರು, ಭಾಗವತರು ‘ಇದು ಹಸ್ತಿನಾವತಿ’ ಎಂದರೆ ಅದು ಹಸ್ತಿನಾವತಿ.

ಇಟಲಿಯಲ್ಲೂ ಎಲ್ಲರೂ ಒಡೆಯನ ಆಸನಕ್ಕೆ ಶರಣಾಗಿರಲಿಲ್ಲ ಅನ್ನಬೇಕು. ವಿಚೆನ್ಜಾ ಊರಿನಲ್ಲಿ ವಾಸ್ತುಶಿಲ್ಪಿ ಪಲ್ಲಾಡಿಯೊ ಕಟ್ಟಿಸಲು ಆರಂಭಿಸಿದ ಒಲಿಂಪಿಕೊ ರಂಗಮಂದಿರ 1585ರಲ್ಲಿ ತೆರೆದಾಗ ಸ್ಕಮೋಜಿ ಎಂಬಾತ ಅಲ್ಲಿ ಮರದಲ್ಲೇ ಹಲವು ಬೀದಿಗಳನ್ನು ಕಟ್ಟಿದ, ಯಾವ ಆಸನದಲ್ಲಿ ಕೂತರೂ ಒಂದು ಬೀದಿಯಾದರೂ ಒಳಗಿನ ತನಕ ಕಾಣಲಿ ಎಂದು. ಅದು ಡ್ಯೂಕನ ರಂಗವಲ್ಲ, ಊರಿನ ವಿದ್ವಾಂಸರು ಸದಸ್ಯರಾಗಿ ಕೂಡಿಕೊಂಡಿದ್ದ ಸಂಘದ್ದು. ಸಂಘದಲ್ಲಿ ಎಲ್ಲರಿಗೂ ಕಾಣಬೇಕಲ್ಲ!

ಡ್ರಾಯಿಂಗ್ ಮೇಷ್ಟ್ರುಗಳು ಪರ್ಸ್‌ಪೆಕ್ಟಿವ್ ಎನ್ನುವ ಈ ವಿದ್ಯೆಯ ಲೆಕ್ಕ ಬಹಳ ಸರಳ. ಹಳದಿ ಮೆಟ್ರೊ ಬೊಮ್ಮಸಂದ್ರಕ್ಕೆ ಬಂದ ಮೇಲೆ ಅದನ್ನು ನೋಡಲು ನಮಗೆ ದೊಡ್ಡ ಉಪಕರಣವೇ ಸಿಕ್ಕಿದೆ. ಹೊಸೂರು ರಸ್ತೆಯ ನೇರ ಭಾಗದಲ್ಲಿ ಪಿಲ್ಲರ್‌ಗಳ ಸಾಲಿನ ಪಕ್ಕ ನಿಂತು ನೋಡಿ. ಮೂವತ್ತು ಮೀಟರ್ ದೂರದ ಪಿಲ್ಲರ್ ಕಣ್ಣಿಗೆ ಎಷ್ಟು ಎತ್ತರವೋ ಅರವತ್ತು ಮೀಟರ್‌ನದು ಅದರ ಅರ್ಧ, ತೊಂಬತ್ತರದು ಮೂರನೇ ಒಂದು, ನೂರಿಪ್ಪತ್ತರದು ಕಾಲು. ದೂರದಿಂದ ಭಾಗಿಸಿದರೆ ಆಯಿತು. ಮೊದಲ ಎರಡರ ನಡುವೆ ಥಟ್ಟನೆ ಕುಗ್ಗುತ್ತದೆ, ಆಮೇಲಾಮೇಲೆ ಕುಗ್ಗುವುದು ಕಡಿಮೆ. ಪಿಲ್ಲರ್‌ನ ತಲೆ, ಬುಡ, ರಸ್ತೆಯ ಅಂಚು ಎಲ್ಲವೂ ನಿಮ್ಮ ಕಣ್ಣಿನ ಎತ್ತರದಲ್ಲಿ ದೂರದ ಒಂದೇ ಚುಕ್ಕಿಯತ್ತ ಓಡುತ್ತವೆ. ನೀವು ಕೂತರೆ ಆ ಚುಕ್ಕಿಯೂ ಕೂರುತ್ತದೆ, ಎದ್ದರೆ ಏಳುತ್ತದೆ. ಚುಕ್ಕಿ ಇರುವುದು ರಸ್ತೆಯಲ್ಲಲ್ಲ, ನೋಡುವವನಲ್ಲಿ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೂತು ತ್ರೀಡಿ ಚಿತ್ರ ಮಾಡುವ ಕಂಪ್ಯೂಟರೂ ಕ್ಷಣಕ್ಕೆ ಕೋಟಿಗಟ್ಟಲೆ ಸಲ ಮಾಡುವುದು ಇದೇ ಭಾಗಾಕಾರ.

ಇದನ್ನು ಮೊದಲು ಕೈಯಾರೆ ಮಾಡಿ ತೋರಿಸಿದವನು ಫ್ಲಾರೆನ್ಸಿನ ಫಿಲಿಪ್ಪೊ ಬ್ರುನೆಲ್ಲೆಸ್ಕಿ, 15ನೇ ಶತಮಾನದ ಮೊದಲ ದಶಕಗಳಲ್ಲಿ. ಆತ ಊರಿನ ಬ್ಯಾಪ್ಟಿಸ್ಟ್ರಿ ಕಟ್ಟಡವನ್ನು ಪುಟ್ಟ ಹಲಗೆಯ ಮೇಲೆ ಬರೆದು, ಹಲಗೆಗೆ ಒಂದು ತೂತು ಕೊರೆದ. ಹಲಗೆಯ ಬೆನ್ನಿಗೆ ಕಣ್ಣಿಟ್ಟು ತೂತಿನಿಂದ ನೋಡಬೇಕು, ಎದುರಿಗೆ ಇನ್ನೊಂದು ಕೈಯಲ್ಲಿ ಕನ್ನಡಿ ಹಿಡಿಯಬೇಕು. ಕನ್ನಡಿಯಲ್ಲಿ ಕಾಣುವ ಚಿತ್ರವೂ ಕನ್ನಡಿ ಸರಿಸಿದರೆ ಕಾಣುವ ನಿಜವಾದ ಕಟ್ಟಡವೂ ಒಂದರ ಮೇಲೊಂದು ಕೂರುತ್ತಿದ್ದವು. ಆಕಾಶದ ಜಾಗಕ್ಕೆ ಬಣ್ಣ ಹಚ್ಚದೆ ಬೆಳ್ಳಿಯ ಹೊಳಪು ಕೊಟ್ಟಿದ್ದನಂತೆ, ನಿಜವಾದ ಮೋಡಗಳೇ ಅದರಲ್ಲಿ ಚಲಿಸಲೆಂದು. ಜನ ಬೆರಗಾದದ್ದು ಸರಿ. ಆದರೆ ಆ ತೂತನ್ನು ಗಮನಿಸಿ. ಕಣ್ಣು ಅಲ್ಲೇ ಇರಬೇಕು, ಒಂದೇ ಕಣ್ಣು, ಅಲುಗಾಡುವಂತಿಲ್ಲ.

1435ರಲ್ಲಿ ಲಿಯೊನ್ ಬತ್ತಿಸ್ತಾ ಆಲ್ಬರ್ಟಿ ಇದನ್ನು ಶಾಸ್ತ್ರವಾಗಿ ಬರೆದ. ನೆಲದ ಹಾಸುಗಲ್ಲುಗಳನ್ನು ಹಿಂದೆ ಹೋದಂತೆ ಮೂರರಲ್ಲಿ ಒಂದು ಪಾಲು ಕಡಿಮೆ ಮಾಡುತ್ತಾ ಹೋಗುವ ಅಂದಾಜಿನ ಕೆಲಸವನ್ನು ಆತ ತಪ್ಪೆಂದು ತಿರಸ್ಕರಿಸಿದ. ನಮ್ಮ ಪರದೆಗಳಲ್ಲಿ ಇಂದಿಗೂ ಆ ಅಂದಾಜೇ ನಡೆಯುವುದುಂಟು, ಬಾಡಿಗೆಗೇನೂ ಅಡ್ಡಿಯಿಲ್ಲ.

ಈ ವಿದ್ಯೆ ಹುಟ್ಟಿದ್ದು ಫ್ಲಾರೆನ್ಸಿನಲ್ಲೇ ಏಕೆ ಎಂಬುದಕ್ಕೆ ವಿದ್ವಾಂಸರು ಕೊಡುವ ಒಂದು ಉತ್ತರ ನನಗೆ ಹಿಡಿಸುತ್ತದೆ. ಅದು ವ್ಯಾಪಾರಿಗಳ ಊರು. ಸಾಹುಕಾರರ ಮಕ್ಕಳು ಲೆಕ್ಕದ ಶಾಲೆಗಳಲ್ಲಿ ಉರುಹೊಡೆಯುತ್ತಿದ್ದದ್ದು ತ್ರೈರಾಶಿ: ಇಷ್ಟಕ್ಕೆ ಇಷ್ಟಾದರೆ ಅಷ್ಟಕ್ಕೆ ಎಷ್ಟು? ಪೀಪಾಯಿಯೊಳಗೆ ಎಷ್ಟು ಮದ್ಯ ಹಿಡಿಯುತ್ತದೆ ಎಂದು ಕಣ್ಣಳತೆಯಲ್ಲೇ ಹೇಳಬಲ್ಲ ಗಿರಾಕಿಗೆ ಅಳತೆಬದ್ಧ ಚಿತ್ರ ರುಚಿಸಿತು. ಪರ್ಸ್‌ಪೆಕ್ಟಿವ್ ಬಗ್ಗೆ ದೊಡ್ಡ ಗ್ರಂಥ ಬರೆದ ಚಿತ್ರಕಾರ ಪಿಯೆರೊ ದೆಲ್ಲಾ ಫ್ರಾಂಚೆಸ್ಕಾ ವ್ಯಾಪಾರಿಗಳಿಗಾಗಿ ಲೆಕ್ಕದ ಪುಸ್ತಕವನ್ನೂ ಬರೆದಿದ್ದ.

ತ್ರೈರಾಶಿ ಅಲ್ಲಿಗೆ ಹೋದದ್ದು ನಮ್ಮ ಕಡೆಯಿಂದ, ಅರಬರ ಮೂಲಕ. 9ನೇ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ ತ್ರೈರಾಶಿಯೂ ಇದೆ, ‘ಛಾಯಾವ್ಯವಹಾರ’ ಎಂಬ ಅಧ್ಯಾಯವೂ ಇದೆ. ಕೋಲಿನ ಎತ್ತರ, ನೆರಳಿನ ಉದ್ದ, ದೀಪದ ಎತ್ತರ, ಇವುಗಳಲ್ಲಿ ತಿಳಿದದ್ದರಿಂದ ತಿಳಿಯದ್ದನ್ನು ತೆಗೆಯುವ ಲೆಕ್ಕಗಳು. ಬ್ರುನೆಲ್ಲೆಸ್ಕಿಗೆ ಬೇಕಾಗಿದ್ದೂ ಅದೇ ತ್ರಿಕೋನಗಳು. 12ನೇ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲೇ ಹೇಳಿದ. ಹಾಗಾಗಿ ‘ನಮ್ಮವರಿಗೆ ಪರ್ಸ್‌ಪೆಕ್ಟಿವ್ ಬರುತ್ತಿರಲಿಲ್ಲ, ಪಾಪ’ ಎಂಬ ಹಳೆಯ ಮಾತನ್ನು ನಾನು ಒಪ್ಪುವುದಿಲ್ಲ. ಲೆಕ್ಕ ಮನೆಯಲ್ಲಿತ್ತು. ಚಿತ್ರಕಾರ ಅದನ್ನು ಕೇಳಲಿಲ್ಲ, ಅಷ್ಟೆ. ಅವನಿಗೆ ಬೇಕಾದದ್ದು ಬೇರೆ ಇತ್ತು.

ಏನು ಬೇಕಿತ್ತು ಎಂದು ತಿಳಿಯಲು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಇಂಗ್ಲಿಷರನ್ನು ಬಡಿದ ಕಥೆಯಿದೆ. ಕೆಂಪು ಕೋಟಿನ ಸಿಪಾಯಿಗಳು ಚೌಕ ಕಟ್ಟಿ ನಿಂತಿದ್ದಾರೆ, ನಡುವೆ ಗಾಯಗೊಂಡ ಕರ್ನಲ್ ಬೇಲಿ ಪಲ್ಲಕ್ಕಿಯಲ್ಲಿ ಕುಸಿದಿದ್ದಾನೆ, ಮದ್ದಿನ ಗಾಡಿ ಸಿಡಿಯುತ್ತಿದೆ, ಸುತ್ತ ಕುದುರೆ ದಂಡು ಅಲೆಯಲೆಯಾಗಿ ನುಗ್ಗುತ್ತಿದೆ. ಚಿತ್ರಕಾರ ಚೌಕವನ್ನು ಮೇಲಿನಿಂದ ನೋಡಿದ್ದಾನೆ, ಸಿಪಾಯಿಯನ್ನು ಎದುರಿನಿಂದ, ಕುದುರೆಯನ್ನು ಪಕ್ಕದಿಂದ. ದೂರದವನು ಸಣ್ಣವನಲ್ಲ, ಸೋತವನಿಗಿಂತ ಗೆದ್ದವನು ದೊಡ್ಡವನು. ಟಿಪ್ಪುವಿನ ಕಡೆಯ ಫ್ರೆಂಚ್ ಅಧಿಕಾರಿ ಲಾಲಿಯ ಕೈಯಲ್ಲಿ ದುರ್ಬೀನು ಇದೆ. ದೂರವೇ ಇಲ್ಲದ ಚಿತ್ರದಲ್ಲಿ ದುರ್ಬೀನು! ಗೋಡೆಯುದ್ದಕ್ಕೂ ನಡೆಯುತ್ತಾ ನೋಡಿದರೆ ಯುದ್ಧವೂ ನಡೆಯುತ್ತದೆ. ಇಲ್ಲಿ ಸೋಫಾ ಹಾಕಲು ಜಾಗವೇ ಇಲ್ಲ.

ಇದಾಗಿ ಹತ್ತು ವರ್ಷದೊಳಗೆ ಇನ್ನೊಂದು ಬಗೆಯ ಕಣ್ಣು ಇದೇ ನೆಲಕ್ಕೆ ಬಂತು. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಬಂದಿದ್ದ. ಬೆಂಗಳೂರು ಕೋಟೆ, ಬೆಟ್ಟದ ದುರ್ಗಗಳು, ಶ್ರೀರಂಗಪಟ್ಟಣ, ಎಲ್ಲವನ್ನೂ ಶುದ್ಧ ಪರ್ಸ್‌ಪೆಕ್ಟಿವ್‌ನಲ್ಲಿ ಬರೆದ. 1794ರಲ್ಲಿ ಅವು ಪುಸ್ತಕವಾಗಿ ಬಂದವು. ಚೆಲುವಾದ ಚಿತ್ರಗಳೇ, ಮಣ್ಣು-ಕಲ್ಲು-ಮೋಡಗಳ ಮಟ್ಟಿಗೆ ದರಿಯಾ ದೌಲತ್‌ನ ಕಲಾವಿದನಿಗಿಂತ ಹೋಮ್ ಹೆಚ್ಚು ನಂಬಿಕಸ್ಥ. ಆದರೆ ನೋಡುವ ಕಣ್ಣು ಹೆಚ್ಚಾಗಿ ನಿಂತಿರುವುದು ಕೋಟೆಯ ಹೊರಗೆ, ಮುತ್ತಿಗೆ ಹಾಕಿದವರ ಪಾಳೆಯದ ಕಡೆ. ಕೋಟೆಯೊಳಗಿನವನಿಗೆ ಆ ದಿನ ಏನು ಕಾಣುತ್ತಿತ್ತು ಎಂಬುದಕ್ಕೆ ಆ ಲೆಕ್ಕದಲ್ಲಿ ಎಡೆಯಿಲ್ಲ. ಪರ್ಸ್‌ಪೆಕ್ಟಿವ್ ಸುಳ್ಳು ಹೇಳುತ್ತದೆ ಎಂದು ನಾನು ಹೇಳುತ್ತಿಲ್ಲ. ಒಬ್ಬನ ಸತ್ಯವನ್ನು ಎಲ್ಲರ ಸತ್ಯದಂತೆ ತೋರಿಸುವ ಶಕ್ತಿ ಅದಕ್ಕಿದೆ, ದರಿಯಾ ದೌಲತ್‌ನ ಗೋಡೆಗೆ ಇಲ್ಲ. ಆ ಗೋಡೆ ಟಿಪ್ಪುವಿನ ಪರ ವಕಾಲತ್ತು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ವಿಜಾಪುರದ ವಿಷಯ ಇಲ್ಲಿ ಬಿಡುವಂತಿಲ್ಲ. ಇದಕ್ಕೆ ಸುಮಾರು ಇನ್ನೂರು ವರ್ಷ ಮೊದಲೇ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಹಾರ್ಲೆಮ್ ಊರಿನ ಡಚ್ ಚಿತ್ರಕಾರ ಕಾರ್ನೆಲಿಸ್ ಹೆಡಾ ಇದ್ದ. ಪ್ರಾಗ್‌ನ ಚಕ್ರವರ್ತಿಯ ಬಳಿ ಕೆಲಸ ಮಾಡಿದವನು, ಪರ್ಷಿಯಾಕ್ಕೆ ಹೊರಟು ಗೋವಾ ಮೂಲಕ ವಿಜಾಪುರ ಸೇರಿದ. ಸುಲ್ತಾನ ಅವನನ್ನು ಮೆಚ್ಚಿ ಇಟ್ಟುಕೊಂಡ. ಆದರೂ ದಖನಿ ಚಿತ್ರಕಾರರು ಯುರೋಪಿನಿಂದ ತಮಗೆ ರುಚಿಸಿದ ಒಂದಿಷ್ಟನ್ನು ಮಾತ್ರ ಆಯ್ದುಕೊಂಡರು: ಬಟ್ಟೆಯ ನೆರಿಗೆ, ದೂರದ ತಿಳಿನೀಲಿ. ಒಂದೇ ಕಣ್ಣಿನ ಲೆಕ್ಕವನ್ನು ಪೂರ್ತಿ ಒಪ್ಪಿಕೊಳ್ಳಲಿಲ್ಲ. ಅರಸನೂ ಒತ್ತಾಯ ಮಾಡಿದಂತಿಲ್ಲ.

ಒಪ್ಪಿಕೊಂಡದ್ದು 19ನೇ ಶತಮಾನದಲ್ಲಿ, ಅದೂ ದೇವರ ಮನೆಯ ಮೂಲಕ.

ನಳೋಪಾಖ್ಯಾನ ನೆನಪಿದೆಯಲ್ಲ. ಸ್ವಯಂವರದಲ್ಲಿ ದಮಯಂತಿಯ ಮುಂದೆ ಒಂದೇ ರೂಪದ ಐವರು ನಳರು. ನಾಲ್ವರು ದೇವತೆಗಳು, ಒಬ್ಬ ಮನುಷ್ಯ. ಆಕೆ ಹೇಗೆ ಗುರುತಿಸಿದಳು? ದೇವತೆಗಳಿಗೆ ನೆರಳಿಲ್ಲ, ಬೆವರಿಲ್ಲ, ರೆಪ್ಪೆ ಬಡಿಯುವುದಿಲ್ಲ, ಪಾದ ನೆಲಕ್ಕೆ ತಾಗುವುದಿಲ್ಲ. ಮೈಸೂರು ಸಂಪ್ರದಾಯದ ಚಿತ್ರಗಳಲ್ಲಿ ಈ ನಿಯಮ ಹೆಚ್ಚುಕಡಿಮೆ ಹಾಗೇ ಇದೆ. ಚಿನ್ನದ ರೇಕಿನ ಪ್ರಭೆಯಲ್ಲಿ ಕೂತ ರಾಜರಾಜೇಶ್ವರಿಗೆ ಎಡಗಡೆಯಿಂದ ಬೆಳಕು, ಬಲಗಡೆ ನೆರಳು ಎಂಬುದಿಲ್ಲ. ಬೆಳಕು ಅವಳಿಂದಲೇ ಹೊರಡುತ್ತದೆ. ರಾಜಾ ರವಿವರ್ಮ ಎಣ್ಣೆ ಬಣ್ಣ ಕಲಿತು ಪುರಾಣ ಬರೆಯಲು ಕೂತಾಗ ಬದಲಾದದ್ದು ಇದು. ಲಿಯೊನಾರ್ಡೊನ ಕಾಲದಿಂದ ಯುರೋಪಿನ ಚಿತ್ರಕಾರರು ತೆಳುಬಣ್ಣದ ಪದರದ ಮೇಲೆ ಪದರ ಹಚ್ಚಿ, ಗೆರೆಯನ್ನೇ ಅಳಿಸಿ, ಕೆನ್ನೆಯ ಉಬ್ಬನ್ನು ನೆರಳಿನಿಂದಲೇ ಕಟ್ಟುತ್ತಿದ್ದರು. ಆ ನೆರಳು ಈಗ ಸರಸ್ವತಿಯ ಕೆನ್ನೆಗೆ ಬಂತು. ಲಕ್ಷ್ಮಿ ನಿಂತ ಕೊಳದ ಹಿಂದೆ ಮರ, ಮರದ ಹಿಂದೆ ಮಂಜು. ದಮಯಂತಿಯ ಪರೀಕ್ಷೆಯಲ್ಲಿ ಈ ದೇವತೆಗಳೆಲ್ಲ ಮನುಷ್ಯರ ಸಾಲಿಗೇ ಸೇರುತ್ತಾರೆ.

1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಅಚ್ಚಿನ ಮನೆ ತೆರೆದ ಮೇಲೆ ಈ ಚಿತ್ರಗಳು ಅರಮನೆ ಬಿಟ್ಟು ಬೀದಿಗೆ ಬಂದವು. ದೇವಸ್ಥಾನದೊಳಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂದು ಊರು ನಿರ್ಧರಿಸುತ್ತಿದ್ದ ಕಾಲದಲ್ಲಿ ಕೆಲವೇ ಕಾಸಿಗೆ ದೇವರು ಯಾರ ಗೋಡೆಗೆ ಬೇಕಾದರೂ ಬಂದು ನಿಂತ, ನೇರ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಇಟಲಿಯಲ್ಲಿ ಡ್ಯೂಕನಿಗೆ ಮೀಸಲಾಗಿದ್ದ ಜಾಗದಲ್ಲಿ ಈಗ ಯಾರು ಬೇಕಾದರೂ ನಿಲ್ಲಬಹುದಿತ್ತು. ಪರ್ಸ್‌ಪೆಕ್ಟಿವ್ ಬಗ್ಗೆ ನನ್ನ ಗುಮಾನಿಗಳೆಲ್ಲ ಇದೊಂದು ಕಡೆ ಸುಮ್ಮನಾಗುತ್ತವೆ. ಇಂದಿಗೂ ಚಂದಾಪುರ ಸರ್ಕಲ್ಲಿನ ಯಾವ ಅಂಗಡಿಯ ಕ್ಯಾಲೆಂಡರ್ ನೋಡಿದರೂ ಲಕ್ಷ್ಮಿ ರವಿವರ್ಮನ ವಂಶದವಳೇ.

ಇಟಲಿಯ ವಿದ್ಯೆಯನ್ನು ಇಟಲಿಯವನ ಕೈಯಲ್ಲೇ ನೋಡಬೇಕೆಂದರೆ ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಬೆರ್ಗಾಮೊ ಸೀಮೆಯ ಜೆಸ್ಯುಯಿಟ್ ಸೋದರ ಆಂತೋನಿಯೊ ಮೊಸ್ಕೆನಿ 1899ರಿಂದ 1901ರ ನಡುವೆ ಅದರ ಗೋಡೆ, ಮೇಲ್ಛಾವಣಿಗಳನ್ನೆಲ್ಲ ಬರೆದ. ಹಸಿ ಗಾರೆಯ ಮೇಲೆ ಬಣ್ಣ ಹಚ್ಚುವ ಫ್ರೆಸ್ಕೊ ಕೆಲಸ ಅಲ್ಲಿದೆ. ಗಾರೆ ಒಣಗುವಾಗ ಸುಣ್ಣ ಗಾಳಿಯೊಂದಿಗೆ ಸೇರಿ ಕಲ್ಲಾಗುತ್ತದೆ, ಬಣ್ಣ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಅಂದು ಹಚ್ಚಿದ ಗಾರೆಯ ಕೆಲಸ ಅಂದೇ ಮುಗಿಯಬೇಕು, ನಾಳೆಗೆ ಇಟ್ಟರೆ ಕೆಟ್ಟಿತು. ಕ್ಯಾನ್ವಾಸಿನ ಮೇಲೆ ಎಣ್ಣೆ ಬಣ್ಣದ ಚಿತ್ರಗಳೂ ಇವೆ. ಕೆಳಗಿನಿಂದ ನೋಡಿದರೆ ಕೆತ್ತನೆ ಎಂದು ಕಾಣುವ ಅಲಂಕಾರ ಎಷ್ಟೋ ಕಡೆ ಬರೀ ಬಣ್ಣ. ಛಾವಣಿಯ ಮೇಲಿರುವುದು ಅಲೋಶಿಯಸ್ ಗೊಂಜಾಗಾನ ಬದುಕು, ಸಿರಿವಂತ ಪಟ್ಟವನ್ನು ಬಿಟ್ಟು ಸನ್ಯಾಸಿಯಾದ ಹುಡುಗ. ಛಾವಣಿಯನ್ನೇ ತೆರೆದು ಆಕಾಶ ತೋರಿಸಿದಂತೆ ಬರೆಯುವ ಮೊದಲ ದೊಡ್ಡ ಕೆಲಸ ಮಾಂಟೆನ್ಯಾ ಎಂಬ ಚಿತ್ರಕಾರನದು, 1474ರಲ್ಲಿ ಮುಗಿದದ್ದು, ಮಾಂಟುವಾದಲ್ಲಿ. ಅದನ್ನು ಬರೆಸಿದ್ದು ಇದೇ ಗೊಂಜಾಗಾ ಮನೆತನ. ಮನೆತನದ ವೈಭವಕ್ಕೆ ಹುಟ್ಟಿದ ವಿದ್ಯೆ, ನಾಲ್ಕು ಶತಮಾನ ಕಳೆದು, ಆ ವೈಭವಕ್ಕೆ ಬೆನ್ನು ತಿರುಗಿಸಿದವನ ಕಥೆ ಹೇಳಲು ಮಂಗಳೂರಿಗೆ ಬಂತು.

ಮತ್ತೆ ನಮ್ಮ ಕೈಗಾರಿಕಾ ಪಟ್ಟಿಗೆ ಬರೋಣ. ಬೊಮ್ಮಸಂದ್ರದ ಯಾವ ಮೆಷಿನ್ ಶಾಪಿಗೆ ಹೋದರೂ ಆಪರೇಟರ್ ಮುಂದೆ ಒಂದು ಡ್ರಾಯಿಂಗ್ ಶೀಟು ಇರುತ್ತದೆ. ಮುಂದಿನ ನೋಟ, ಮೇಲಿನ ನೋಟ, ಪಕ್ಕದ ನೋಟ, ಮೂಲೆಯಲ್ಲಿ ಒಂದು ಐಸೋಮೆಟ್ರಿಕ್ ಚಿತ್ರ. ಅದರಲ್ಲಿ ದೂರದ ಅಂಚು ಸಣ್ಣದಾಗುವುದಿಲ್ಲ, ಸಮಾನಾಂತರ ಗೆರೆಗಳು ಎಲ್ಲಿಯೂ ಸೇರುವುದಿಲ್ಲ. ಒಂದೇ ವಸ್ತುವನ್ನು ಮೇಲಿನಿಂದಲೂ ಪಕ್ಕದಿಂದಲೂ ಒಂದೇ ಹಾಳೆಯಲ್ಲಿ ತೋರಿಸುವುದು, ದೂರದ್ದನ್ನು ಕುಗ್ಗಿಸದಿರುವುದು: ದರಿಯಾ ದೌಲತ್‌ನ ಕಲಾವಿದ ಮಾಡಿದ್ದೂ ಇದನ್ನೇ. ‘ಹಿಂದುಳಿದ’ ಪದ್ಧತಿ ಎನಿಸಿಕೊಂಡದ್ದು ಲೇತಿನ ಮುಂದೆ ಬಂದು ನಿಂತಿದೆ. ಕಾರಣ ಸರಳ. ಪರ್ಸ್‌ಪೆಕ್ಟಿವ್ ಚಿತ್ರಕ್ಕೆ ಸ್ಕೇಲ್ ಹಿಡಿದು ಅಳತೆ ತೆಗೆಯಲಾಗುವುದಿಲ್ಲ.

ಇದನ್ನು ಮೊದಲು ಹೇಳಿದವರೂ ಅದೇ ಇಟಲಿಯವರು. ಚಿತ್ರಕಾರರಿಗೆ ಪರ್ಸ್‌ಪೆಕ್ಟಿವ್ ಕಲಿಸಿದ ಆಲ್ಬರ್ಟಿಯೇ ವಾಸ್ತುಶಿಲ್ಪದ ಗ್ರಂಥದಲ್ಲಿ ಮಾತು ಬದಲಿಸಿದ: ನೆರಳು, ಕುಗ್ಗಿದ ಗೆರೆ ಎಲ್ಲ ಚಿತ್ರಕಾರನಿಗೆ, ಕಟ್ಟುವವನಿಗೆ ಬೇಕಾದದ್ದು ನಿಜವಾದ ಅಳತೆಯ ಪ್ಲಾನು. ಮುಂದೆ ರಾಫೆಲ್ ಕೂಡ ಪೋಪ್ ಹತ್ತನೇ ಲಿಯೊಗೆ ಬರೆದ ಪತ್ರದಲ್ಲಿ ಇದೇ ಅರ್ಥದ ಮಾತು ಹೇಳಿದ: ವಾಸ್ತುಶಿಲ್ಪಿಗೆ ಕುಗ್ಗಿದ ಗೆರೆಯಿಂದ ಸರಿಯಾದ ಅಳತೆ ಸಿಗುವುದಿಲ್ಲ.

ಐನೂರು ವರ್ಷದ ಹಿಂದಿನ ಈ ಬುದ್ಧಿಮಾತು ಚಂದಾಪುರದವರಿಗೆ ಇಂದು ಯಾಕೆ ಬೇಕು ಎಂದರೆ, ಹೊಸೂರು ರಸ್ತೆಯಿಂದ ಆನೇಕಲ್ ರಸ್ತೆಯವರೆಗೆ ನಿಂತಿರುವ ಅಪಾರ್ಟ್‌ಮೆಂಟ್ ಹೋರ್ಡಿಂಗ್‌ಗಳನ್ನು ನೋಡಿ. ಎಲ್ಲವೂ ಬ್ರುನೆಲ್ಲೆಸ್ಕಿಯ ಮಕ್ಕಳು. ಕಂಪ್ಯೂಟರಿನಲ್ಲಿ ಕಣ್ಣನ್ನು ನೆಲಕ್ಕೆ ತಗ್ಗಿಸಿ ಕೂರಿಸಿದರೆ ಕಟ್ಟಡ ಮುಗಿಲು ಮುಟ್ಟುತ್ತದೆ. ನೋಟವನ್ನು ಅಗಲ ಮಾಡಿದರೆ ಮುಂದಿನ ಹುಲ್ಲುಹಾಸು ಮೈದಾನವಾಗುತ್ತದೆ, ಮೂವತ್ತಡಿ ರಸ್ತೆ ರಾಜಬೀದಿಯಾಗುತ್ತದೆ. ಕಣ್ಣನ್ನು ಎಲ್ಲಿಡಬೇಕೆಂದು ಆರಿಸಿದ ಮೇಲೆ ಪಕ್ಕದ ಟ್ರಾನ್ಸ್‌ಫಾರ್ಮರ್, ಹಿಂದಿನ ಶೆಡ್ಡು, ರಾಜಕಾಲುವೆ ತಾವಾಗಿ ಚಿತ್ರದಿಂದ ಹೊರಗೆ ಬೀಳುತ್ತವೆ. ಗೆರೆಗಳಲ್ಲಿ ಲೆಕ್ಕದ ತಪ್ಪು ಒಂದೂ ಇರುವುದಿಲ್ಲ. ಮೂಲೆಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ‘ಇದು ಕಲಾವಿದರ ಕಲ್ಪನೆ’ ಎಂದೂ ಬರೆದಿರುತ್ತದೆ.

ಅಡ್ವಾನ್ಸ್ ಕೊಡುವವರು ಆ ಬಣ್ಣದ ಚಿತ್ರವನ್ನು ಪಕ್ಕಕ್ಕಿಟ್ಟು ಮಂಜೂರಾದ ಪ್ಲಾನು ಕೇಳಿ, ಕಾರ್ಪೆಟ್ ಏರಿಯಾ ಎಷ್ಟೆಂದು ಕೇಳಿ, ಸ್ಕೇಲ್ ಇಟ್ಟು ಅಳೆಯಿರಿ. ನಂತರ ಜಾಗಕ್ಕೆ ಹೋಗಿ ಹೋರ್ಡಿಂಗಿನ ಕಣ್ಣು ನಿಂತಿದೆ ಎನ್ನುವ ಕಡೆ ನಿಂತು ನೋಡಿ. ಬಹಳ ಸಲ ಅಲ್ಲಿ ಪಕ್ಕದವರ ಕಾಂಪೌಂಡ್ ಗೋಡೆ ಇರುತ್ತದೆ. ಈ ಹೋರ್ಡಿಂಗ್‌ಗಳನ್ನು ಬರೀ ಅಲಂಕಾರ ಎಂದು ಬಿಲ್ಡರ್‌ಗಳು ಕೈತೊಳೆದುಕೊಳ್ಳುವಂತೆಯೂ ಇಲ್ಲ. 2016ರ ರಿಯಲ್ ಎಸ್ಟೇಟ್ ನಿಯಂತ್ರಣ (ರೇರಾ) ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಜಾಹೀರಾತು, ಕೈಪಿಡಿ ಅಥವಾ ಮಾದರಿ ಫ್ಲಾಟಿನಲ್ಲಿದ್ದ ಸುಳ್ಳನ್ನು ನಂಬಿ ಹಣ ಕೊಟ್ಟು ನಷ್ಟ ಅನುಭವಿಸಿದವರಿಗೆ ಬಿಲ್ಡರ್ ಪರಿಹಾರ ಕೊಡಬೇಕು. ಯೋಜನೆಯಿಂದ ಹಿಂದೆ ಸರಿಯುವುದಾದರೆ ಕಟ್ಟಿದ ಹಣವನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು. ದೂರನ್ನು ಕರ್ನಾಟಕ ರೇರಾದ ವೆಬ್‌ಸೈಟಿನಲ್ಲೇ ಸಲ್ಲಿಸಬಹುದು. ಹೋರ್ಡಿಂಗಿನ ಫೋಟೊ ಮತ್ತು ಬ್ರೋಷರನ್ನು ತಾರೀಖು ಸಮೇತ ತೆಗೆದಿಟ್ಟುಕೊಂಡಿರಿ.